ಅರಸನೂ ಅವನ ಆಪ್ತನೂ

ಚಂದ್ರವಳ್ಳಿಯ ಕೆರೆಯ ಕಡೆಗೆ ಸಂಜೆ ತಿರುಗಾಡಲು ಹೋಗುವ ಅಭ್ಯಾಸ ನನಗೆ ಹದಿನೈದು ವರ್ಷಗಳಿಂದ ಇದೆ. ಜೊತೆಗೆ ಕಂದಾಯ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಬರುತ್ತಾರೆ. ಬೆಳಗಿನ ಪತ್ರಿಕೆಯನ್ನು ಸಂಜೆಯವರೆಗೂ ಮನಸ್ಸಿನಲ್ಲಿ ಅರೆಯುತ್ತಿರುವುದು ಅವರ ಸ್ವಭಾವ. ಹೋದ ವಾರ ಅಂಕಲಿಮಠದ ಬಳಿ ದಣಿವಾರಿಸಿಕೊಳ್ಳುತ್ತ ಕುಳಿತಿದ್ದಾಗ ಅವರು ಕೇಳಿದರು: "ಮೇಷ್ಟ್ರೇ, ಮಂತ್ರಿ ತಾನು ತಿನ್ನಲಿಲ್ಲ, ಹತ್ತಿರದವರು ತಿಂದರು ಅಂತ ಇಟ್ಟುಕೊಳ್ಳಿ. ಆಗ ಅವನು ಉಳಿಯುತ್ತಾನೋ, ಮುಳುಗುತ್ತಾನೋ?"

"ಇದಕ್ಕೆ ಮಾಸ್ತಿಯವರ ಕಾದಂಬರಿಯಲ್ಲಿ ಉತ್ತರವಿದೆ" ಎಂದೆ.

"ನಿಮಗೆ ಹೊಟ್ಟೆನೋವು ಬಂದರೂ ಕಾದಂಬರಿಯಲ್ಲೇ ಔಷಧ ಇರುತ್ತದೆ" ಎಂದು ಅವರು ನಕ್ಕರು.

ನಗುವ ಮಾತೇ ಸರಿ. ಆದರೆ ಕನ್ನಡದ ಚಾರಿತ್ರಿಕ ಕಾದಂಬರಿಗಳನ್ನು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಒಳ್ಳೆಯ ಕಾದಂಬರಿಕಾರರು ರಾಜ್ಯಗಳು ಬಿದ್ದ ಕಥೆಯನ್ನು ಹೇಳಹೊರಟಾಗ ಶತ್ರುವಿನ ಫಿರಂಗಿಗಿಂತ ಹೆಚ್ಚಾಗಿ ಅರಸನ ಮಂಚದ ಪಕ್ಕದಲ್ಲಿ ನಿಂತವನ ಮೇಲೆ ಕಣ್ಣಿಟ್ಟಿದ್ದಾರೆ. ಆ ದೃಷ್ಟಿ ಎಲ್ಲರಲ್ಲಿಯೂ ಒಂದೇ ತೆರನಾಗಿಲ್ಲ. ಅದರಲ್ಲಿ ನನಗೆ ಜಗಳವೂ ಇದೆ.

ಚಂದ್ರವಳ್ಳಿಯಲ್ಲೇ ಕುಳಿತಿದ್ದುದರಿಂದ ಇಲ್ಲಿಂದಲೇ ಪ್ರಾರಂಭಿಸಬಹುದು. ಇಲ್ಲಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಮೂರು ಸಾಲಿನ ಪ್ರಾಕೃತ ಶಾಸನವಿದೆ. ಕೆರೆಯ ಕೆಲಸವನ್ನು ಮಾಡಿಸಿದವನು ಆತನೆಂದು ಅದು ಹೇಳುತ್ತದೆ. ಮಣ್ಣು ಹೊತ್ತವರ ಹೆಸರಿಲ್ಲ, ಕೆಲಸ ನೋಡಿಕೊಂಡ ಅಧಿಕಾರಿಯ ಹೆಸರೂ ಇಲ್ಲ. ಅದು ಶಾಸನದ ಪದ್ಧತಿ, ಯಾರೂ ತಪ್ಪು ಹುಡುಕುವುದಿಲ್ಲ. ಆದರೆ ಪರರ ಕೈಯಿಂದಾದ ಪುಣ್ಯವನ್ನು ತನ್ನ ಹೆಸರಿಗೆ ಬರೆಸಿಕೊಂಡ ಅರಸನು, ಪರರ ಕೈಯಿಂದಾದ ಪಾಪ ಬಂದಾಗ ಮಾತ್ರ 'ಅದು ನನಗೆ ತಿಳಿಯದು' ಎನ್ನುವುದು ಹೇಗೆ? ಈ ಪ್ರಶ್ನೆಯನ್ನು ಕಾದಂಬರಿಕಾರ ಕೇಳಲೇಬೇಕು. ಕೇಳದೆ ಬಿಟ್ಟರೆ ಅವನ ಅರಸ ಚಿತ್ರಪಟದ ಅರಸನಾಗುತ್ತಾನೆ.

ನಮ್ಮ ದುರ್ಗದ ಕಥೆಯನ್ನು ತ. ರಾ. ಸುಬ್ಬರಾಯರಷ್ಟು ಪ್ರೀತಿಯಿಂದ ಬರೆದವರು ಬೇರೆ ಇಲ್ಲ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರನ್ನೂ ನಾನು ಹೈಸ್ಕೂಲಿನಲ್ಲಿ ಓದಿದೆ. ಓದಿ, ಕೋಟೆಯ ಬಾಗಿಲುಗಳಲ್ಲಿ ರಾತ್ರಿ ಹೋಗಲು ಹೆದರಿದೆ. ಹದಿನೇಳನೆಯ ಶತಮಾನದ ಕೊನೆಗೆ ದುರ್ಗದಲ್ಲಿ ಪಾಳೆಯಗಾರನಿಗಿಂತ ದೊಡ್ಡವನಾಗಿ ಬೆಳೆದ ದಳವಾಯಿ ಮುದ್ದಣ್ಣ ಅಲ್ಲಿ ಕೇಡಿನ ಕೇಂದ್ರ. ಆ ಪಾತ್ರದ ಕಸುವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮುದ್ದಣ್ಣನ ದುಷ್ಟತನ ಎಷ್ಟು ಸಂಪೂರ್ಣವಾಗಿದೆಯೆಂದರೆ ಸಿಂಹಾಸನಕ್ಕೆ ಅಂಟಬೇಕಾದ ಮಸಿಯನ್ನೆಲ್ಲ ಅವನೇ ಬಳಿದುಕೊಂಡುಬಿಡುತ್ತಾನೆ. ನಾಯಕರು ಮರುಕಕ್ಕೆ ಪಾತ್ರರಾಗಿ ಉಳಿಯುತ್ತಾರೆ. ಇಂಥ ದಳವಾಯಿಯನ್ನು ಬೆಳೆಯಗೊಟ್ಟವರು ಯಾರು, ಅವನ ಮೊದಲ ಸಣ್ಣ ತಪ್ಪನ್ನು ನೋಡಿಯೂ ಸುಮ್ಮನಿದ್ದವರು ಯಾರು ಎಂದು ಕೇಳುವ ವ್ಯವಧಾನ ಕಥೆಯ ವೇಗಕ್ಕೆ ಇಲ್ಲ. ದುರ್ಗದವನಾಗಿ ನಾನು ಇದನ್ನು ಬರೆಯುವುದು ಕಷ್ಟ. ನಾಳೆ ಸಂತೆಪೇಟೆಯಲ್ಲಿ ಯಾರಾದರೂ ತಡೆದು ನಿಲ್ಲಿಸಿದರೆ ಆಶ್ಚರ್ಯವಿಲ್ಲ. ಆದರೂ ಹೇಳಬೇಕು: ಆಪ್ತನನ್ನು ರಾಕ್ಷಸನನ್ನಾಗಿ ಮಾಡಿದರೆ ಅರಸನನ್ನು ಉಳಿಸಿದಂತಾಗುತ್ತದೆ, ನಿಜ, ಉಳಿದ ಅರಸ ಮಾತ್ರ ಬಹಳ ಸಣ್ಣವನಾಗಿರುತ್ತಾನೆ.

ಬಿದನೂರಿನ ಕಥೆ ಇನ್ನೂ ತೊಡಕಿನದು. ರಾಣಿ ವೀರಮ್ಮಾಜಿಯ ಹೆಸರಿನೊಡನೆ ಅರಮನೆಯ ಆಪ್ತನೊಬ್ಬನ ಹೆಸರು ಸೇರಿ ಊರೂರಲ್ಲಿ ಮಾತಾಯಿತು. ಬಾಲಕ ಚೆನ್ನಬಸವನಾಯಕ ಸತ್ತನೆಂದೂ ಸಾಯಲಿಲ್ಲವೆಂದೂ ಮಾತಾಯಿತು. ತಾನೇ ಚೆನ್ನಬಸವನಾಯಕನೆಂದು ಹೇಳಿಕೊಂಡು ಬಂದವನೊಬ್ಬನನ್ನು ಹೈದರಾಲಿಯ ಬಳಿಗೆ ಕರೆದೊಯ್ದವನು ನಮ್ಮ ದುರ್ಗದ ಮದಕರಿನಾಯಕನೇ. ಹೈದರನಿಗೆ ನೆಪ ಸಿಕ್ಕಿತು. 1763ರಲ್ಲಿ ಬಿದನೂರು ಅವನದಾಯಿತು. ಹದಿನಾರು ವರ್ಷಗಳ ತರುವಾಯ, 1779ರಲ್ಲಿ, ಅದೇ ಹೈದರ ಅದೇ ಮದಕರಿನಾಯಕನ ದುರ್ಗವನ್ನೂ ತೆಗೆದುಕೊಂಡ. ಮಾಸ್ತಿಯವರು 'ಚೆನ್ನಬಸವನಾಯಕ'ದಲ್ಲಿ ಬಿದನೂರಿನ ಈ ಕೊನೆಗಾಲವನ್ನು ಎತ್ತಿಕೊಂಡಿದ್ದಾರೆ. ಅಪವಾದದ ಸತ್ಯಾಸತ್ಯವಂತಿರಲಿ, ಅದು ಸಂಸ್ಥಾನವನ್ನು ಹೇಗೆ ಒಳಗಿನಿಂದ ಟೊಳ್ಳುಮಾಡುತ್ತದೆಂಬುದನ್ನು ಅಲ್ಲಿ ನೋಡಬಹುದು. ಆದರೆ ಅದು ನನಗೆ ಪೂರ್ವಸಿದ್ಧತೆಯಂತೆ ಕಾಣುತ್ತದೆ. ಅವರ ನಿಜವಾದ ಕೃತಿ 1956ರ 'ಚಿಕವೀರರಾಜೇಂದ್ರ'. 1983ರ ಜ್ಞಾನಪೀಠ ಪ್ರಶಸ್ತಿ ಅದಕ್ಕೇ ಸಂದಿತು.

ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರ 1820ರಲ್ಲಿ ಪಟ್ಟಕ್ಕೆ ಬಂದವನು. 1834ರ ಏಪ್ರಿಲಿನಲ್ಲಿ ಕುಂಪಣಿಯ ಸೈನ್ಯ ಮಡಿಕೇರಿಯನ್ನು ಹೊಕ್ಕಿತು. ಅರಸ ಕಾಶಿಗೆ ಹೋದ, ಅಲ್ಲಿಂದ 1852ರಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿಯೇ 1859ರಲ್ಲಿ ತೀರಿಕೊಂಡ. ಇವು ಚರಿತ್ರೆಯ ಸಂಗತಿಗಳು. ಕಾದಂಬರಿಯ ಜೀವ ಇರುವುದು ಅರಸನೂ ಕುಂಟ ಬಸವನೂ ಒಬ್ಬರನ್ನೊಬ್ಬರು ಹಿಡಿದುಕೊಂಡಿರುವ ರೀತಿಯಲ್ಲಿ. ಬಸವ ಅರಮನೆಯ ನಾಯಿಗಳನ್ನು ನೋಡಿಕೊಂಡಿದ್ದವನು. ಅರಸನ ಬಾಲ್ಯದ ಒಡನಾಡಿ. ಅವನು ಮಂತ್ರಿಯಾಗುತ್ತಾನೆ. ಹುಟ್ಟಿನಿಂದಲೂ ಮರ್ಯಾದೆಯಿಂದಲೂ ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಇವರು ಅವನ ಪಕ್ಕದಲ್ಲಿ ಕೂರಬೇಕಾಗುತ್ತದೆ. ಅರಸನ ಚಾಪಲ್ಯಕ್ಕೆ ಬೇಕಾದುದನ್ನೆಲ್ಲ ಒದಗಿಸುವವನು ಬಸವ. ದೂರು ಹುಟ್ಟುವುದು ಅಲ್ಲಿಂದ.

ಇಲ್ಲಿ ಮಾಸ್ತಿಯವರು ಮಾಡಿದ ಕೆಲಸವನ್ನು ನೋಡಬೇಕು. ಮುದ್ದಣ್ಣನಂತೆ ಬಸವನು ಒಡೆಯನ ಅಧಿಕಾರವನ್ನು ಕಸಿದುಕೊಳ್ಳುವುದಿಲ್ಲ. ಒಡೆಯನಿಗೆ ಅವನು ನಿಷ್ಠ. ಅಪಾಯವೆಲ್ಲ ಆ ನಿಷ್ಠೆಯಲ್ಲೇ ಇದೆ. ರಾಣಿ ಗೌರಮ್ಮಾಜಿಯ ಮುಂದೆ ಅರಸ ಗಂಡನಾಗಿರಬೇಕು, ಬೋಪಣ್ಣನ ಮುಂದೆ ಪ್ರಭುವಾಗಿರಬೇಕು, ಕುಂಪಣಿಯವರ ಮುಂದೆ ಮಿತ್ರರಾಜನಾಗಿರಬೇಕು. ಬಸವನೊಬ್ಬನ ಮುಂದೆ ಅವನು ಏನೂ ಆಗಿರಬೇಕಾಗಿಲ್ಲ. ಅಂಥವನನ್ನು ದೂರಮಾಡು ಎಂದರೆ ಅರಸನ ಕಿವಿಗೆ ಅದು 'ನೀನು ನೀನಾಗಿರಬೇಡ' ಎಂದಂತೆ ಕೇಳುತ್ತದೆ. ಆದುದರಿಂದ ಬಸವನ ಮೇಲಿನ ಪ್ರತಿಯೊಂದು ದೂರನ್ನೂ ಅವನು ತನ್ನ ಮೇಲಿನ ದ್ರೋಹವೆಂದೇ ತಿಳಿಯುತ್ತಾನೆ. ದೂರು ತಂದವನೇ ಅಪರಾಧಿಯಾಗುತ್ತಾನೆ. ಲಕ್ಷ್ಮೀನಾರಾಯಣಯ್ಯನ ತಾಳ್ಮೆಯಿಂದ ಅರಸ ಉಳಿಯಲಿಲ್ಲ. ಬೋಪಣ್ಣನ ತಾಳ್ಮೆ ಮುಗಿದಾಗಲಂತೂ ಮಡಿಕೇರಿಯ ಬಾಗಿಲು ತೆರೆಯಿತು. ಮಾಸ್ತಿಯವರು ಮೈಸೂರಿನ ಸಿವಿಲ್ ಸರ್ವೀಸಿನಲ್ಲಿ ಬಹುಕಾಲ ದುಡಿದವರು. ದೊಡ್ಡವರ ಹತ್ತಿರಕ್ಕೆ ಮಾತು ಹೇಗೆ ಹೋಗುತ್ತದೆ, ಹೇಗೆ ಹೋಗದೆ ಬಾಗಿಲಲ್ಲೇ ನಿಲ್ಲುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತೆಂದು ತೋರುತ್ತದೆ. ಅವರ ಶೈಲಿಯ ಸಾವಧಾನವನ್ನು ದೂರುವವರು ಈ ಭಾಗಗಳನ್ನು ಇನ್ನೊಮ್ಮೆ ಓದಲಿ.

ಕೃತಿಯಲ್ಲಿ ನಾನು ಬಹಳ ಕಾಲ ಒಪ್ಪದಿದ್ದ ಒಂದು ಅಂಶವಿದೆ. ಬಸವ ಭಗವತಿಯ ಹೊಟ್ಟೆಯಲ್ಲಿ ಲಿಂಗರಾಜನಿಗೆ ಹುಟ್ಟಿದವನು, ಎಂದರೆ ಅರಸನ ಅಣ್ಣತಮ್ಮಂದಿರಲ್ಲೇ ಒಬ್ಬನೆಂದು ಕಡೆಗೆ ಬಯಲಾಗುತ್ತದೆ. ಇದು ನಾಟಕದ ಕಂಪನಿಯ ಉಪಾಯ, ನೀತಿಯ ಪ್ರಶ್ನೆಯನ್ನು ರಕ್ತದ ಆಕಸ್ಮಿಕವನ್ನಾಗಿ ಮಾಡಿಬಿಡುತ್ತದೆ ಎಂದು ತರಗತಿಯಲ್ಲಿ ಹತ್ತು ವರ್ಷ ಹೇಳಿದ್ದೇನೆ. ಎರಡು ವರ್ಷದ ಹಿಂದೆ ಹೊಳಲ್ಕೆರೆಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, "ಸರ್, ಅಣ್ಣತಮ್ಮ ಅಂದಮೇಲೆ ಮುಖ ಒಂದೇ ಥರ ಇರುತ್ತಲ್ವಾ? ಕೊಡಗಿನ ಜನ ನೋಡಿರಲಿಲ್ವಾ?" ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ನಿಂತುಹೋಯಿತು.

ಅದಕ್ಕೆ ಒಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ವಿದ್ಯಾರ್ಥಿನಿಲಯದ ವಾರ್ಡನ್ನಾಗಿದ್ದೆ. ಯಾವುದು ಎಂಬುದು ಇಲ್ಲಿ ಬೇಡ. ಅಡಿಗೆಮನೆಯ ಲೆಕ್ಕಕ್ಕೆ ನಮ್ಮೂರ ಕಡೆಯ ಹುಡುಗನೊಬ್ಬನನ್ನು ನಾನೇ ತಂದಿಟ್ಟಿದ್ದೆ. ಸಾರು ನೀರಾಗಿದೆ, ಅಕ್ಕಿಯಲ್ಲಿ ಕಲ್ಲು ಎಂದು ಹುಡುಗರು ಬಂದು ಹೇಳಿದರು. ನಾನು ಬಿಲ್ಲುಗಳನ್ನು ತರಿಸಿ ನೋಡಬೇಕಾಗಿತ್ತು. ಅದರ ಬದಲು, "ನನ್ನ ಮೇಲೆ ಅನುಮಾನವೇನ್ರೋ?" ಎಂದು ರೇಗಿದೆ. ಅವರು ನನ್ನ ಹೆಸರನ್ನೇ ಎತ್ತಿರಲಿಲ್ಲ. ತಿಂಗಳೆರಡು ಕಳೆದ ಮೇಲೆ ಲೆಕ್ಕ ಹೊರಬಿತ್ತು: ಒಳ್ಳೆಯ ಅಕ್ಕಿಯ ದರ ಬರೆದು ಕೀಳು ಅಕ್ಕಿ ತರುತ್ತಿದ್ದ. ಒಳ್ಳೆಯ ಅಕ್ಕಿ ಸ್ವಲ್ಪ ಬರುತ್ತಲೂ ಇತ್ತು. ಅದರಲ್ಲಿ ಮೂಟೆಯೊಂದು ತಿಂಗಳು ತಿಂಗಳೂ ಅಗ್ಗದ ಬೆಲೆಗೆ ನಮ್ಮ ಮನೆಗೆ ಬರುತ್ತಿತ್ತು. "ಈ ಸಲದ ಅಕ್ಕಿ ಚೆನ್ನಾಗಿದೆ" ಎಂದು ನನ್ನ ಹೆಂಡತಿ ಹೇಳಿದ್ದಳು. ಇಷ್ಟು ಅಗ್ಗಕ್ಕೆ ಹೇಗೆ ಬಂತೆಂದು ನಾನು ಕೇಳಿರಲಿಲ್ಲ. ಹಣ ಕಟ್ಟಿದೆ, ವಾರ್ಡನ್ ಕೆಲಸ ಬಿಟ್ಟೆ. ಮೇಲಿನವರು ನನ್ನನ್ನು ಪ್ರಾಮಾಣಿಕನೆಂದೇ ಬರೆದರು. ಹುಡುಗರು ಏನು ತಿಳಿದರೋ ನಾನು ವಿಚಾರಿಸಲಿಲ್ಲ.

ಆ ಹುಡುಗಿಯ ಮಾತಿನ ಅರ್ಥ ನನಗೆ ಹೊಳೆದದ್ದು ಹೀಗೆ. ಜನ ನೋಡುವುದು ಆಪ್ತನ ಅಪರಾಧದ ತೂಕವನ್ನಲ್ಲ, ಅವನ ಮುಖವನ್ನು. ಅದರಲ್ಲಿ ಒಡೆಯನ ಮುಖ ಕಂಡರೆ ಒಡೆಯ ಉಳಿಯುವುದಿಲ್ಲ. ಕಾಣದಿದ್ದರೆ ಎಷ್ಟು ದೊಡ್ಡ ಹಗರಣವಾದರೂ ದಾಟಿಹೋಗುತ್ತಾನೆ. ಮಾಸ್ತಿಯವರು ಬಸವನನ್ನು ಅರಸನ ರಕ್ತಸಂಬಂಧಿಯಾಗಿ ಮಾಡಿದ್ದು, ಜನ ಮೊದಲೇ ಕಂಡಿದ್ದನ್ನು ಕಥೆಯ ಮಾತಿನಲ್ಲಿ ಹೇಳಿದ್ದು. ಅದು ತಡವಾಗಿ, ಗುಟ್ಟು ಬಿಚ್ಚಿದಂತೆ ಬರುತ್ತದೆ ಎಂಬ ಆಕ್ಷೇಪಣೆಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಉಪಾಯ ಅಗ್ಗದ್ದೆಂಬ ಮಾತನ್ನು ತೆಗೆದುಕೊಳ್ಳುತ್ತೇನೆ.

ಈ ಅಳತೆಗೋಲನ್ನು ಹಿಡಿದು ನಮ್ಮ ಹತ್ತಿರದ ಕಾಲವನ್ನು ನೋಡಿದರೆ ಕೆಲವು ಸಂಗತಿಗಳು ತಿಳಿಯಾಗುತ್ತವೆ. 1958ರಲ್ಲಿ ಮುಂಧ್ರಾ ಪ್ರಕರಣದಿಂದ ನೆಹರೂ ಅವರ ಹಣಕಾಸಿನ ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ಹೋದರು, ಮರುವರ್ಷ ಅವರ ಆಪ್ತ ಸಹಾಯಕ ಎಂ. ಓ. ಮಥಾಯ್ ಆರೋಪಗಳ ನಡುವೆ ರಾಜೀನಾಮೆ ಕೊಟ್ಟರು. ನೆಹರೂ ಅಲುಗಲಿಲ್ಲ. ಹಣದಾಸೆಯೆಂಬುದು ನೆಹರೂ ಮುಖದಲ್ಲಿ ಇದೆಯೆಂದು ಅವರ ವಿರೋಧಿಗಳೂ ನಂಬಲಿಲ್ಲ. ಅದಕ್ಕೇ ಕೃಷ್ಣಮಾಚಾರಿಯವರನ್ನು ಮತ್ತೆ ಮಂತ್ರಿಮಂಡಲಕ್ಕೆ ಕರೆದುಕೊಂಡಾಗಲೂ ಆಕಾಶ ಬೀಳಲಿಲ್ಲ.

ದೇವರಾಜ ಅರಸರ ಸಂಗತಿ ಇಷ್ಟು ಸರಳವಲ್ಲ. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಅವರ ಮೇಲೆ ಗ್ರೋವರ್ ಆಯೋಗವನ್ನು ನೇಮಿಸಿತು. ಬಂಧುಗಳಿಗೂ ಬೇಕಾದವರಿಗೂ ಅನುಕೂಲ ಮಾಡಿಕೊಟ್ಟರೆಂಬುದು ಆರೋಪಗಳಲ್ಲಿ ಮುಖ್ಯವಾದುದು. ಆ ವರ್ಷದ ಕೊನೆಯ ದಿನ ಅವರ ಸರ್ಕಾರ ವಜಾ ಆಯಿತು. ಎರಡು ತಿಂಗಳೂ ಕಳೆಯಲಿಲ್ಲ, 1978ರ ಫೆಬ್ರವರಿಯ ಚುನಾವಣೆಯಲ್ಲಿ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. ನಮ್ಮ ತಂದೆ ಆ ಚುನಾವಣೆಯ ಮಾತು ಬಂದಾಗಲೆಲ್ಲ, "ತಿಂದರೋ ಬಿಟ್ಟರೋ, ಗೇಣಿದಾರನಿಗೆ ಭೂಮಿ ಕೊಟ್ಟರು" ಎನ್ನುತ್ತಿದ್ದರು. ನಗರದ ಓದುಗ ಅರಸರ ಸುತ್ತಲಿನವರ ಮುಖ ನೋಡಿದ. ಗೇಣಿದಾರ 1974ರ ಭೂಸುಧಾರಣೆಯನ್ನು ನೋಡಿದ. ಅವನಿಗೆ ಕಂಡ ಅರಸರೇ ಬೇರೆ. ನನ್ನ ಅಳತೆಗೋಲು ಇಲ್ಲಿ ಸ್ವಲ್ಪ ಬಾಗುತ್ತದೆಂದು ಒಪ್ಪುತ್ತೇನೆ. ಯಾರ ಕಣ್ಣು ಎಂಬುದನ್ನೂ ಕೇಳಬೇಕಾಗುತ್ತದೆ.

ರಾಮಕೃಷ್ಣ ಹೆಗಡೆಯವರದು ಎರಡು ಅಂಕದ ನಾಟಕ. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಸರ್ಕಾರವನ್ನು ಟೀಕಿಸಿದಾಗ ರಾಜೀನಾಮೆ ಕೊಟ್ಟು, ಮೂರು ದಿನಗಳಲ್ಲಿ ಹಿಂತೆಗೆದುಕೊಂಡರು. ಕುರ್ಚಿಯ ಜೊತೆಗೆ ಒಳ್ಳೆಯ ಹೆಸರೂ ಉಳಿಯಿತು. ಗುತ್ತಿಗೆಯ ಕಾಗದದಲ್ಲಿ ಜನ ಅವರ ಮುಖವನ್ನು ಕಾಣಲಿಲ್ಲ. 1988ರಲ್ಲಿ ದೂರವಾಣಿ ಕದ್ದಾಲಿಸಿದ ಪ್ರಕರಣ ಬಂತು. ತಂತಿಗೆ ಕಿವಿಗೊಟ್ಟವರು ಸಿಬ್ಬಂದಿಯಿರಬಹುದು; ಆದರೆ ಯಾರಿಗೋಸ್ಕರ ಕೇಳಿದರು ಎಂಬ ಪ್ರಶ್ನೆ ಒಡೆಯನ ಬಾಗಿಲಿಗೇ ಬಂದು ನಿಲ್ಲುತ್ತದೆ. ಆ ಆಗಸ್ಟಿನಲ್ಲಿ ಅವರು ಮತ್ತೆ ರಾಜೀನಾಮೆ ಕೊಟ್ಟರು. ಈ ಸಲ ಹಿಂದಿರುಗಿ ಬರಲಿಲ್ಲ. ಮುಂದೆ ಕೇಂದ್ರದಲ್ಲಿ ಮಂತ್ರಿಯಾದರೇ ಹೊರತು ವಿಧಾನಸೌಧದ ಆ ಕೋಣೆಗೆ ಮರಳಲಿಲ್ಲ. ಇದನ್ನು ಬರೆಯಲು ಇನ್ನೂ ಒಬ್ಬ ಮಾಸ್ತಿ ಹುಟ್ಟಿಲ್ಲ. ನಮ್ಮ ರಾಜಕೀಯ ಕಾದಂಬರಿಗಳಲ್ಲಿ ಹೆಚ್ಚಿನವು ಆಪ್ತನನ್ನು ಸೂಟ್‌ಕೇಸು ಹೊರುವವನನ್ನಾಗಿ ಮಾಡಿ ಕೈತೊಳೆದುಕೊಳ್ಳುತ್ತವೆ. ಆ ಸೂಟ್‌ಕೇಸು ಹೊರುವವನು ರಾತ್ರಿ ಒಡೆಯನೊಡನೆ ಏನು ಮಾತಾಡುತ್ತಾನೆ, ಒಡೆಯ ಯಾವ ಮಾತನ್ನು ಕೇಳದವನಂತೆ ಕೇಳಿಸಿಕೊಳ್ಳುತ್ತಾನೆ ಎಂಬುದು ನಮಗೆ ಬೇಕಾದ ಕಾದಂಬರಿ.

ನನ್ನ ಸಂಜೆಯ ಸ್ನೇಹಿತರಿಗೆ 'ಚಿಕವೀರರಾಜೇಂದ್ರ'ದ ನನ್ನ ಪ್ರತಿಯನ್ನೇ ಕೊಟ್ಟಿದ್ದೆ. ಮೊನ್ನೆ ಹಿಂದಕ್ಕೆ ತಂದರು. ಕೆರೆಯ ಏರಿಯ ಮೇಲೆ ಬಹಳ ದೂರ ಏನೂ ಹೇಳದೆ ನಡೆದರು. ಅವರ ನಲವತ್ತು ವರ್ಷದ ನೌಕರಿಯಲ್ಲಿ ಅಮಲ್ದಾರರು, ಅವರ ಗುಮಾಸ್ತರು, ಡವಾಲಿಗಳು ಎಷ್ಟೋ ಮಂದಿ ಬಂದುಹೋಗಿರಬೇಕು. ಕೊನೆಗೆ, "ಮೇಷ್ಟ್ರೇ, ಆ ಅಕ್ಕಿ ತಂದುಕೊಡುತ್ತಿದ್ದ ಹುಡುಗ ಈಗ ಎಲ್ಲಿದ್ದಾನೆ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಅವನನ್ನು ಕೆಲಸದಿಂದ ತೆಗೆದ ದಿನ ಅವನು ನನ್ನನ್ನು ನೋಡಲು ಬಂದಿದ್ದ. ಮನೆಯಲ್ಲಿಲ್ಲ ಎಂದು ಹೇಳಿಸಿದ್ದೆ.