ಸೂಡಿಯ ನಾಗಕುಂಡ ಮತ್ತು ಕಲ್ಲು ಕೂಡಿಸುವ ಜಾಣ್ಮೆ

ರೋಣ–ಗಜೇಂದ್ರಗಡ ಸೀಮೆಯ ಸೂಡಿ, 11ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಅಕ್ಕಾದೇವಿಯ ಆಳ್ವಿಕೆಗೆ ಒಳಪಟ್ಟಿದ್ದ ಕಿಸುಕಾಡು–70 ಎಂಬ ಆಡಳಿತ ವಿಭಾಗದ ಮುಖ್ಯ ಪಟ್ಟಣವಾಗಿತ್ತು. ಚಾಲುಕ್ಯ ಶಿಲ್ಪಿಗಳು ಅಲ್ಲಿ ಕಟ್ಟಿದ ನಾಗಕುಂಡವೆಂಬ ಮೆಟ್ಟಿಲು ಬಾವಿಯ ಒಳಗೋಡೆಗಳಲ್ಲಿ, ಶಿಖರಸಹಿತ ಪುಟ್ಟ ಗುಡಿಗಳ ಆಕಾರದ ಗೂಡುಗಳನ್ನು ಕಡೆದಿರುವ ನಯ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಈ ಬಾವಿಯ ಜೀರ್ಣೋದ್ಧಾರವನ್ನು ಬ್ರಿಟನ್ನಿನಲ್ಲಿ ನೋಂದಾಯಿತವಾದ ಡೆಕ್ಕನ್ ಹೆರಿಟೇಜ್ ಫೌಂಡೇಶನ್, ರಾಜ್ಯದ ಪುರಾತತ್ವ ಇಲಾಖೆಯ ಜೊತೆಗೂಡಿ ಕೈಗೆತ್ತಿಕೊಂಡಿತು. ಹಣ ಎಲ್ಲಿಂದ ಬಂದರೂ ಇಂತಹ ಕೆಲಸದ ಪ್ರಾಣ ಕಲ್ಲುಕುಟಿಗರ ಕೈಯಲ್ಲಿರುತ್ತದೆ. ನರಗುಂದದಿಂದ ರೋಣದವರೆಗೆ ಹರಡಿರುವ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಅಂತಹ ನೆಲದಲ್ಲಿ ತಗ್ಗಿನ ಗೋಡೆ ವರ್ಷವರ್ಷವೂ ಹಿಂದಿನಿಂದ ಒತ್ತಡ ತಾಳಬೇಕಾಗುತ್ತದೆ. ಸಂದಿಗಳಿಗೆ ಇಳಿದ ಮರದ ಬೇರು ಉಳಿದ ಹಾನಿಯನ್ನು ಮಾಡುತ್ತದೆ. ಆದುದರಿಂದ ಬಾಗಿದ ಗೋಡೆಯನ್ನು ಬಿಚ್ಚುವ ಮೊದಲು ಪ್ರತಿ ಕಲ್ಲಿಗೂ ಅಂಕಿ ಬರೆದು, ನಕ್ಷೆಯಲ್ಲಿ ಅದರ ಜಾಗ ಗುರುತಿಸಿ, ಬೆನ್ನಿಗೆ ನೀರು ಬಸಿಯುವಂತೆ ಜಲ್ಲಿ ತುಂಬಿ, ಮರಳಿ ಅದೇ ಜಾಗದಲ್ಲಿ ಕೂಡಿಸಬೇಕು. ಹಳೆಯ ಶಿಲ್ಪಿಗಳು ಗಾರೆಯಿಲ್ಲದೆ, ಕಲ್ಲಿನ ಮೈಯನ್ನೇ ಉಜ್ಜಿ ಬೆಸೆದಿದ್ದರು. ಕೂದಲೆಳೆಯಷ್ಟು ಸಂದಿಯನ್ನು ಬೆರಳತುದಿಯಿಂದ ಸವರಿ ತಿಳಿದು, ಉಳಿಯ ಹಗುರ ಏಟಿನಿಂದ ಸರಿಪಡಿಸುವ ಇಂದಿನ ಕುಟಿಗನ ತಾಳ್ಮೆ ಅವರ ಜಾಣ್ಮೆಗೆ ಸಾಟಿಯಾದುದು. ಸಿಮೆಂಟಿನ ಆತುರದಿಂದ ಈ ಫಲ ಎಂದೂ ದೊರೆಯದು.

ಗಜೇಂದ್ರಗಡದ ಕಡೆ ಹೋಗುವವರು ಸೂಡಿಯಲ್ಲಿ ಇಳಿದು, ಜೋಡುಕಳಸದ ಗುಡಿಯೊಂದಿಗೆ ಈ ಬಾವಿಯ ಗೋಡೆಗಳನ್ನೂ ಹತ್ತಿರದಿಂದ ನೋಡಬೇಕು.