ಎಸರು ಬಲ್ಲ ಕೈಗೆ ಎಲ್ಲ ಕಡುಬೂ ಸಲೀಸು

ಮನೆಯಲ್ಲಿ ಮೋಮೊ ಮಾಡಬೇಕೆನ್ನುವವರು ಮೊದಲು ಕೇಳುವುದು ಒಳಗೇನು ತುಂಬಬೇಕು ಎಂದು. ನಾನು ಹಿಟ್ಟಿನಿಂದ ಶುರು ಮಾಡಿ ಎನ್ನುತ್ತೇನೆ. ಯಾವ ನಾಡಿನ ಕಡುಬಾದರೂ ಕೆಡುವುದು ಹೆಚ್ಚಾಗಿ ಹೊದಿಕೆಯಲ್ಲೇ. ಆ ಹೊದಿಕೆಯ ಅರ್ಧ ವಿದ್ಯೆ ನಮ್ಮ ಬಳ್ಳಾರಿ ಸೀಮೆಯ ಅಡುಗೆಮನೆಯಲ್ಲಿ ಆಗಲೇ ಇದೆ.

ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ, ಅದರಲ್ಲಿ ಗ್ಲುಟೆನ್ ಇರುವುದಿಲ್ಲ. ಅದಕ್ಕೇ ಕುರುಗೋಡಿನ ಅವ್ವಂದಿರು ಕುದಿಯುವ ಎಸರು ಹಾಕಿ ಹಿಟ್ಟು ನಾದುತ್ತಾರೆ. ಬಿಸಿನೀರಿಗೆ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಬಡಿಯುವಾಗ ರೊಟ್ಟಿ ಸೀಳುವುದಿಲ್ಲ. ತಮಿಳರ ಕೊಳುಕಟ್ಟೆ, ಮರಾಠಿಗರ ಉಗಿಮೋದಕ ನಿಂತಿರುವುದೂ ಇದೇ ಉಪಾಯದ ಮೇಲೆ. ಕ್ಯಾಂಟನ್ನಿನ ಹರ್ ಗಾವ್ ಎಂಬ ಸಿಗಡಿ ಕಡುಬಿಗೆ ಗ್ಲುಟೆನ್ ತೆಗೆದ ಗೋಧಿಪಿಷ್ಟ ಬೇಕು, ಅದಕ್ಕೂ ಕುದಿನೀರೇ.

ಅಕ್ಕಿಹಿಟ್ಟಿಗೆ ತುಂಗಭದ್ರೆಯ ನೀರಿನಲ್ಲಿ ಬೆಳೆದ ಸಿರುಗುಪ್ಪದ ಸೋನಾಮಸೂರಿ ಸಾಕು. ಅನ್ನಕ್ಕೆ ಹಳೆ ಅಕ್ಕಿ ಚೆಂದ, ಕಡುಬಿಗೆ ಹೊಸದು, ಅದರಲ್ಲಿ ಅಂಟು ಹೆಚ್ಚು. ಒಂದು ಲೋಟ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸಿ, ಒಂದು ಲೋಟ ಹಿಟ್ಟು ಸುರಿದು ಕಲಕಿ, ಐದು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿಯಿರುವಾಗಲೇ ನಾದಿ. ಆರಿದ ಹಿಟ್ಟು ಬಿರಿಯುತ್ತದೆ.

ಹೊಸಬರು ತೆಲುಗರ ಉಂಡ್ರಾಳ್ಳುವಿನಿಂದ ಶುರು ಮಾಡಲಿ. 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿಯಲ್ಲಿ ತೆಲುಗು ಅಡುಗೆ ಹೊರಗಿನದಲ್ಲ. ವಿನಾಯಕ ಚೌತಿಗೆ ತೆಲುಗರ ಮನೆಗಳಲ್ಲಿ ಅಕ್ಕಿತರಿ, ಕಡ್ಲೆಬೇಳೆ, ಜೀರಿಗೆಯನ್ನು ಕುದಿನೀರಿನಲ್ಲಿ ಬೇಯಿಸಿ, ಉಂಡೆ ಕಟ್ಟಿ ಉಗಿಯಲ್ಲಿಡುತ್ತಾರೆ. ಹೊದಿಕೆ ಇಲ್ಲ, ಒಡೆಯುವ ಭಯವೂ ಇಲ್ಲ.

ಗೋಧಿಯ ದಾರಿ ಬೇರೆ. ನಮ್ಮ ಹೂರಣಗಡುಬಿಗೂ ಟಿಬೆಟಿಯನ್ನರ ಮೋಮೊಗೂ ತಣ್ಣೀರಲ್ಲೇ ಹಿಟ್ಟು ಗಟ್ಟಿಯಾಗಿ ನಾದಬೇಕು. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಟ್ಟರೆ ಗ್ಲುಟೆನ್ ಸಡಿಲಗೊಂಡು, ಲಟ್ಟಿಸಿದ ಎಲೆ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಅಂಚು ತೆಳ್ಳಗಿರಲಿ, ನಡು ದಪ್ಪಗಿರಲಿ. ಇಲ್ಲದಿದ್ದರೆ ಮಡಿಕೆಗಳೆಲ್ಲ ಒಂದೆಡೆ ಸೇರುವ ತುದಿ ಬೇಯದೆ ಹಸಿಯಾಗಿ ಉಳಿಯುತ್ತದೆ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಿನಲ್ಲಿ ನೆಲೆಸಿದ ಟಿಬೆಟಿಯನ್ನರು ಮೋಮೊವನ್ನು ಕನ್ನಡನಾಡಿನ ಊಟವನ್ನಾಗಿಯೂ ಮಾಡಿದ್ದಾರೆ.

ಒಳಗಿನ ನೀರೇ ಹೊದಿಕೆಯ ಶತ್ರು. ಹೋಳಿಗೆ ಮಾಡುವವರಿಗೆ ಇದು ಗೊತ್ತು: ಬೇಳೆಯ ಕಟ್ಟು ಪೂರಾ ಬಸಿದರೆ ಹೂರಣ ಗಟ್ಟಿ, ಕಟ್ಟಿನ ಸಾರು ಬೇರೆ ಲಾಭ. ಮೋಮೊದ ಎಲೆಕೋಸಿಗೂ ಉಪ್ಪು ಬೆರೆಸಿ, ಹದಿನೈದು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಹಿಂಡಿ. ಬಿದಿರಿನ ಬುಟ್ಟಿ ಕೊಳ್ಳಬೇಕಿಲ್ಲ, ಎಣ್ಣೆ ಸವರಿದ ಇಡ್ಲಿ ಪಾತ್ರೆ ಸಾಕು. ತರಕಾರಿ ಮೋಮೊ ಹತ್ತು-ಹನ್ನೆರಡು ನಿಮಿಷಕ್ಕೆ ಬೇಯುತ್ತದೆ. ಪಕ್ಕಕ್ಕೆ ನಮ್ಮ ಕಡೆಯ ಕೆಂಪು ಮೆಣಸಿನಕಾಯಿಯ ಬೆಳ್ಳುಳ್ಳಿ ಚಟ್ನಿ ಇರಲಿ. ಬಾಟಲಿಯ ಸಾಸ್ ಅದರ ಸಮಕ್ಕೆ ಬಾರದು.

ರಾತ್ರಿಯೂಟಕ್ಕೆ ಒಂದು ಖಾರದ್ದು, ಒಂದು ಸಿಹಿಯದ್ದು, ಎರಡೇ ಬಗೆ ಮಾಡಿ. ಒಬ್ಬರು ಲಟ್ಟಿಸಲಿ, ಒಬ್ಬರು ತುಂಬಲಿ, ಮಕ್ಕಳು ಮಡಿಸಲಿ. ಬಂಡಿಯ ಮೋಮೊ ರುಚಿ ಬಲ್ಲ ಮಕ್ಕಳಿಗೆ ಅದರ ಮಡಿಕೆ ಬೇಗ ಒಲಿಯುತ್ತದೆ. ಅದೇ ಮಣೆಯ ಮೇಲೆ, ಅದೇ ಸಂಜೆ, ಅವರ ಕೈಗೆ ಒಂದಿಷ್ಟು ಹೂರಣವನ್ನೂ ಕೊಡಿ. ಪಂಚಮಿಯ ಕಡುಬನ್ನು ಮುಂದೆ ಅವರೇ ಮಾಡುತ್ತಾರೆ.