ಬೇಲಿಯ ಹೆಸರಿಗೆ ಹೊಲದ ಪಹಣಿ

2019ರ ಏಪ್ರಿಲ್‌ನಲ್ಲಿ ವಿಪ್ರೋ ಕಂಪನಿಯ ಸುಮಾರು 4.43 ಕೋಟಿ ಷೇರುಗಳು ಮಾರಾಟವಾದವು. ಒಂದು ಷೇರಿಗೆ 258.90 ರೂಪಾಯಿಯಂತೆ ಒಟ್ಟು ಹತ್ತಿರ ಹತ್ತಿರ 1,150 ಕೋಟಿ. ಬಹುಪಾಲು ಕೊಂಡಿದ್ದು ಎಲ್‌ಐಸಿ. ಮಾರಿದ್ದು ಯಾರು ಗೊತ್ತಾ? ಪ್ರೇಮ್‌ಜಿ ಕುಟುಂಬ ಅಲ್ಲ, ಮ್ಯೂಚುವಲ್ ಫಂಡೂ ಅಲ್ಲ. 'ಭಾರತದ ಶತ್ರು ಆಸ್ತಿ ಕಸ್ಟೋಡಿಯನ್' ಎಂಬ ಸರ್ಕಾರಿ ಅಧಿಕಾರಿ. ಸರ್ಕಾರದ ಒಂದು ಕೈ ಮಾರಿತು, ಇನ್ನೊಂದು ಕೈ ಕೊಂಡಿತು.

ನಮ್ಮ ಬೆಂಗಳೂರಿನ ಕಂಪನಿಯ ಷೇರು ಶತ್ರುವಿನ ಕೈಗೆ ಹೋಗಿದ್ದು ಯಾವಾಗ? ಹೋಗಿರಲೇ ಇಲ್ಲ. ವಿಪ್ರೋ 1945ರಲ್ಲಿ ಮಹಾರಾಷ್ಟ್ರದ ಅಮಳನೇರ್‌ನಲ್ಲಿ ವನಸ್ಪತಿ ತಯಾರಿಸುವ ಕಂಪನಿಯಾಗಿ ಶುರುವಾಯಿತು. ಹೆಸರಿನಲ್ಲೇ ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಅಂತ ಇತ್ತು. ಅದರ ಷೇರು ಇಟ್ಟುಕೊಂಡಿದ್ದ ಕೆಲವರು ಪಾಕಿಸ್ತಾನದ ಪ್ರಜೆಗಳಾದರು. 1965ರ ಯುದ್ಧ ಬಂದಾಗ ಅವರ ಕಾಗದಪತ್ರಗಳು ಕಸ್ಟೋಡಿಯನ್ ಬೀರುವಿಗೆ ಸೇರಿದವು. ಆಮೇಲೆ ವನಸ್ಪತಿ ಕಂಪನಿ ಸಾಫ್ಟ್‌ವೇರ್ ಕಂಪನಿಯಾಯಿತು, ಬೋನಸ್ ಮೇಲೆ ಬೋನಸ್ ಬಂತು. ಬೀರುವಿನಲ್ಲಿದ್ದ ಕಾಗದ ತನ್ನ ಪಾಡಿಗೆ ತಾನು ಬೆಳೆಯುತ್ತಾ ಹೋಯಿತು.

ಈ ಬೆಳೆ ಯಾರದ್ದು? ನನ್ನ ತಕರಾರು ಇರುವುದು ಈ ಪ್ರಶ್ನೆಗೆ ನಮ್ಮ ಕಾನೂನು ಕೊಟ್ಟ ಉತ್ತರದ ಬಗ್ಗೆ. ಆ ಕಾನೂನು, ಅಂದ್ರೆ 1968ರ ಶತ್ರು ಆಸ್ತಿ ಕಾಯ್ದೆ ಮತ್ತು ಅದಕ್ಕೆ 2017ರಲ್ಲಿ ಆದ ತಿದ್ದುಪಡಿ. ನಾನು ಇವನ್ನು ಓದಿದ್ದು ವಕೀಲನಾಗಿ ಅಲ್ಲ, ಒಂದು ಪಠ್ಯವನ್ನು ಓದುವ ಸಾಮಾನ್ಯ ಓದುಗನಾಗಿ. ಒಳ್ಳೆಯ ಕಥೆಯಲ್ಲಾಗಲಿ ಕೆಟ್ಟ ಕಾನೂನಿನಲ್ಲಾಗಲಿ, ಇಡೀ ಅರ್ಥ ಒಂದು ಪದದ ಮೇಲೆ ನಿಂತಿರುತ್ತದೆ. ಇಲ್ಲಿ ಆ ಪದ 'ಕಸ್ಟೋಡಿಯನ್'. ಕಾವಲುಗಾರ, ಪಾಲಕ.

ಮೊದಲಿಗೆ ಕಾನೂನಿನ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಯುದ್ಧ ನಡೆಯುವಾಗ ಶತ್ರು ದೇಶದ ಜೊತೆ ವ್ಯಾಪಾರ ಮಾಡಬಾರದು, ಅಲ್ಲಿನವರ ಹಣ ಇಲ್ಲಿದ್ದರೆ ಅದನ್ನು ತಡೆಹಿಡಿಯಬೇಕು ಎನ್ನುವುದು ತಪ್ಪಲ್ಲ. ಇಲ್ಲಿಂದ ಹೋದ ದುಡ್ಡು ಅಲ್ಲಿ ಮದ್ದುಗುಂಡಾಗಿ ವಾಪಸ್ ಬರಬಾರದು, ಅಷ್ಟೇ. ಬ್ರಿಟನ್ 1914ರಲ್ಲಿ ಮತ್ತೆ 1939ರಲ್ಲಿ, ಅಮೆರಿಕ 1917ರಲ್ಲಿ ಇಂಥ ಕಾಯ್ದೆಗಳನ್ನು ಮಾಡಿದವು. ಇವುಗಳ ಹಿಂದಿನ ತರ್ಕ ಸರಳ: ವ್ಯಾಪಾರ ನಿಲ್ಲಿಸು, ಆಸ್ತಿಯನ್ನು ಕಾಪಾಡಿ ಇಟ್ಟುಕೋ, ಯುದ್ಧ ಮುಗಿದ ಮೇಲೆ ಮಾತುಕತೆಯಲ್ಲಿ ಲೆಕ್ಕ ಚುಕ್ತಾ ಮಾಡು. ಊರಿಗೆ ಹೋಗುವಾಗ ಪಕ್ಕದ ಮನೆಯವರ ಹತ್ತಿರ ಕೀ ಕೊಟ್ಟು ಹೋಗ್ತೀವಲ್ಲ, ಹಾಗೆ. ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ಪಕ್ಕದ ಮನೆಯವರೇ ಕೀ ಕಿತ್ತುಕೊಂಡಿರುತ್ತಾರೆ.

ತೊಂದರೆ ಶುರುವಾಗುವುದು ಮೂರನೇ ಹೆಜ್ಜೆಯಲ್ಲಿ. ಇಟ್ಟುಕೊಂಡವರಿಗೆ ಕೊಡುವ ಮನಸ್ಸು ಬರಲ್ಲ.

ಇದಕ್ಕೆ ದೂರ ಹೋಗಬೇಕಾಗಿಲ್ಲ, ಮಂಗಳೂರಿಗೆ ಹೋದರೆ ಸಾಕು. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹಂಚಿನ ಉದ್ಯಮ ಹುಟ್ಟಿದ್ದು ಅಲ್ಲಿಂದ. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಅದು ಯುದ್ಧದಲ್ಲಿ ಯಾರ ಪರವೂ ಇರಲಿಲ್ಲ. ಆದರೆ ಮಿಷನ್ನಿನಲ್ಲಿ ಜರ್ಮನರು ಬಹಳ ಮಂದಿ ಇದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಆ ಜರ್ಮನರನ್ನು ಬಂಧನದಲ್ಲಿಟ್ಟಿತು, ಹಂಚು ಮತ್ತು ನೇಯ್ಗೆಯ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. 1918ರಲ್ಲಿ ಯುದ್ಧ ನಿಂತಿತು. ಕಾರ್ಖಾನೆಗಳು ವಾಪಸ್ ಹೋದವಾ? ಇಲ್ಲ. 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಬ್ರಿಟಿಷ್ ಕಂಪನಿಯ ಪಾಲಾದವು. ಅದೇ ಜೇಡಿಮಣ್ಣು, ಅದೇ ಗೂಡು, ಹಂಚಿನ ಬೆನ್ನ ಮೇಲಿನ ಹೆಸರು ಮಾತ್ರ ಬೇರೆ.

ಈಗ ನಮ್ಮದೇ ಕಾನೂನಿಗೆ ಬರೋಣ. 1965ರ ಸೆಪ್ಟೆಂಬರ್‌ನಲ್ಲಿ ಯುದ್ಧ ನಡೆಯುತ್ತಿದ್ದಾಗ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಪಾಕಿಸ್ತಾನಿ ಪ್ರಜೆಗಳ ಆಸ್ತಿ ಕಸ್ಟೋಡಿಯನ್ ವಶಕ್ಕೆ ಹೋಯಿತು. 1962ರ ಯುದ್ಧದ ನಂತರ ಚೀನೀಯರ ಆಸ್ತಿಗೂ ಇದೇ ಆಗಿತ್ತು. 1966ರ ಜನವರಿಯ ತಾಷ್ಕೆಂಟ್ ಒಪ್ಪಂದದಲ್ಲಿ, ಎರಡೂ ಕಡೆ ವಶಪಡಿಸಿಕೊಂಡ ಆಸ್ತಿಗಳನ್ನು ಹಿಂತಿರುಗಿಸುವ ಬಗ್ಗೆ ಚರ್ಚಿಸೋಣ ಅಂತ ಎರಡೂ ದೇಶಗಳು ಒಪ್ಪಿಕೊಂಡವು. ಆ ಚರ್ಚೆಯಿಂದ ಏನೂ ಹುಟ್ಟಲಿಲ್ಲ. 1971ರಲ್ಲಿ ಪಾಕಿಸ್ತಾನ ತನ್ನ ಬಳಿಯಿದ್ದ ಭಾರತೀಯರ ಆಸ್ತಿಯನ್ನೆಲ್ಲ ಮಾರಿಬಿಟ್ಟಿತು ಎಂದು ನಮ್ಮ ಸರ್ಕಾರ ಹೇಳುತ್ತಾ ಬಂದಿದೆ. ನಾವು ಮಾರಲಿಲ್ಲ. 1968ರ ಕಾಯ್ದೆ ಮಾಡಿ, ಇಟ್ಟುಕೊಂಡೆವು.

ಆ 1968ರ ಕಾಯ್ದೆಯನ್ನು ಈಗ ಓದಿದರೆ ಒಂದು ಬಗೆಯ ಮರ್ಯಾದೆ ಕಾಣುತ್ತದೆ. ಆಸ್ತಿಯನ್ನು ಕಾಪಾಡಬೇಕು ಅನ್ನುತ್ತದೆ. ಶತ್ರು ಅನ್ನಿಸಿಕೊಂಡವನ ಕುಟುಂಬ ಭಾರತದಲ್ಲೇ ಇದ್ದರೆ ಅವರ ಜೀವನೋಪಾಯಕ್ಕೆ ಆ ಆಸ್ತಿಯಿಂದ ಖರ್ಚು ಮಾಡಬಹುದು ಅನ್ನುತ್ತದೆ. ಅಂದ್ರೆ ಕಾನೂನು ಬರೆದವರಿಗೆ ಗೊತ್ತಿತ್ತು: ಗಡಿ ದಾಟಿದ್ದು ಮನೆಯ ಒಬ್ಬರು, ಉಳಿದವರು ಇಲ್ಲೇ ಇದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ 'ಶತ್ರು' ಎಂಬ ಪದದ ವ್ಯಾಖ್ಯಾನದ ಕೊನೆಯಲ್ಲಿ, ಭಾರತದ ಪ್ರಜೆ ಇದರಲ್ಲಿ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು.

ಆ ಪುಟ್ಟ ಸಾಲಿನ ಬೆಲೆ ಗೊತ್ತಾಗಿದ್ದು ಮಹಮೂದಾಬಾದ್ ಪ್ರಕರಣದಲ್ಲಿ. ಉತ್ತರ ಪ್ರದೇಶದ ಮಹಮೂದಾಬಾದಿನ ರಾಜ 1957ರಲ್ಲಿ ಪಾಕಿಸ್ತಾನದ ಪ್ರಜೆಯಾದರು. ಹೆಂಡತಿ, ಮಗ ಭಾರತದಲ್ಲೇ ಉಳಿದರು, ಭಾರತೀಯರಾಗಿಯೇ ಉಳಿದರು. ಲಕ್ನೋದ ಬಟ್ಲರ್ ಪ್ಯಾಲೇಸ್, ಹಜರತ್‌ಗಂಜ್‌ನ ಕಟ್ಟಡಗಳು, ನೈನಿತಾಲಿನ ಮೆಟ್ರೋಪೋಲ್ ಹೋಟೆಲ್, ಹೀಗೆ ಇಡೀ ಎಸ್ಟೇಟು ಶತ್ರು ಆಸ್ತಿಯಾಯಿತು. ತಂದೆ 1973ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಶತ್ರು ತೀರಿಕೊಂಡ, ವಾರಸುದಾರ ಭಾರತೀಯ, ಆಸ್ತಿ ಕೊಡಿ ಅಂತ ಮಗ ಮಹಮ್ಮದ್ ಅಮೀರ್ ಮಹಮ್ಮದ್ ಖಾನ್ ಕೇಳಿದರು. ಅವರು ಕಾಂಗ್ರೆಸ್ಸಿನಿಂದ ಎರಡು ಸಲ ಶಾಸಕರಾಗಿದ್ದವರು. ಈ ದೇಶದ ಸಂವಿಧಾನದ ಮೇಲೆ ಪ್ರಮಾಣ ಮಾಡಿ ಶಾಸನಸಭೆಯಲ್ಲಿ ಕೂತವರು ತಾನು ಶತ್ರು ಅಲ್ಲ ಅಂತ ಸಾಬೀತು ಮಾಡಲು ಕೋರ್ಟು ಅಲೆಯಬೇಕಾಯಿತು.

2005ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಕಸ್ಟೋಡಿಯನ್‌ಗೆ ಇರುವುದು ಸ್ವಾಧೀನ, ನಿರ್ವಹಣೆ, ನಿಯಂತ್ರಣ ಮಾತ್ರ, ಮಾಲೀಕತ್ವ ಅಲ್ಲ. ಆಸ್ತಿ ಭಾರತದ ಪ್ರಜೆಗೆ ವಾರಸಾಗಿ ಬಂದ ಮೇಲೆ ಅದು ಶತ್ರು ಆಸ್ತಿಯಾಗಿ ಉಳಿಯುವುದಿಲ್ಲ. ಇದು ಕ್ರಾಂತಿಕಾರಿ ತೀರ್ಪೇನಲ್ಲ. ಬರೆದ ಪದವನ್ನು ಬರೆದ ಹಾಗೇ ಓದಿದ್ದು, ಅಷ್ಟೇ.

ಮುಂದೆ ನಡೆದದ್ದು ಪದದ ಮೇಲಿನ ದಾಳಿ. ಇದರಲ್ಲಿ ಪಕ್ಷಭೇದ ಇಲ್ಲ. 2010ರಲ್ಲಿ ಯುಪಿಎ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತು, ಅದು ಅವಧಿ ಮುಗಿದು ಬಿದ್ದುಹೋಯಿತು. 2016ರಲ್ಲಿ ಎನ್‌ಡಿಎ ಸರ್ಕಾರ ಒಂದೇ ವರ್ಷದಲ್ಲಿ ಐದು ಸಲ ಸುಗ್ರೀವಾಜ್ಞೆ ಹೊರಡಿಸಿತು. ಕೊನೆಗೆ 2017ರ ಮಾರ್ಚ್‌ನಲ್ಲಿ ಸಂಸತ್ತು ತಿದ್ದುಪಡಿ ಅಂಗೀಕರಿಸಿತು.

ತಿದ್ದುಪಡಿಯನ್ನು ಒಮ್ಮೆ ಓದಿ ನೋಡಿ. ಭಾರತದ ಪ್ರಜೆ ಶತ್ರು ಅಲ್ಲ ಎಂಬ ಸಾಲನ್ನು ಅಳಿಸಿಲ್ಲ. ಅದರ ಬಾಲಕ್ಕೆ ಒಂದು ವಿನಾಯಿತಿ ಕಟ್ಟಿದ್ದಾರೆ: ಶತ್ರುವಿನ ವಾರಸುದಾರರಾದ ಪ್ರಜೆಗಳನ್ನು ಬಿಟ್ಟು. ಶತ್ರು ಸತ್ತರೂ ಆಸ್ತಿ ಶತ್ರು ಆಸ್ತಿಯೇ. ಅವನು ತನ್ನ ರಾಷ್ಟ್ರೀಯತೆ ಬದಲಿಸಿಕೊಂಡರೂ ಅಷ್ಟೇ. ವಾರಸಾ ಕಾನೂನು ಈ ಆಸ್ತಿಗೆ ಅನ್ವಯಿಸುವುದೇ ಇಲ್ಲ. ಸಿವಿಲ್ ಕೋರ್ಟಿಗೆ ಹೋಗುವ ಹಾಗಿಲ್ಲ. ಕಸ್ಟೋಡಿಯನ್ ಸರ್ಕಾರದ ಅನುಮತಿ ಪಡೆದು ಮಾರಬಹುದು, ಬಂದ ಹಣ ಭಾರತದ ಸಂಚಿತ ನಿಧಿಗೆ. ಇದೆಲ್ಲ 1968ರಿಂದಲೇ ಹೀಗಿತ್ತು ಅಂತ ಭಾವಿಸಬೇಕು. ಹಿಂದಿನ ತೀರ್ಪುಗಳಲ್ಲಿ ಏನೇ ಬರೆದಿದ್ದರೂ ಸರಿ.

ಕಾವಲುಗಾರ ಅನ್ನುವ ಹೆಸರು ಹಾಗೇ ಉಳಿಯಿತು, ಕೆಲಸ ಮಾತ್ರ ಯಜಮಾನನದು. ಬೇಲಿ ಎದ್ದು ಹೊಲ ಮೇಯ್ದರೆ ಕನಿಷ್ಠ ಅದು ಕಳ್ಳತನ ಅಂತಲಾದರೂ ಅನ್ನಬಹುದಿತ್ತು. ಇಲ್ಲಿ ಬೇಲಿಯ ಹೆಸರಿಗೇ ಹೊಲದ ಪಹಣಿ ಮಾಡಿಕೊಟ್ಟಿದ್ದೇವೆ, ಅದೂ ಐವತ್ತು ವರ್ಷ ಹಿಂದಿನ ತಾರೀಕು ಹಾಕಿ.

ಇದಕ್ಕೆ ಎದುರು ವಾದ ಇದೆ, ಅದನ್ನು ಹಗುರವಾಗಿ ತಳ್ಳಿಹಾಕಲು ಆಗಲ್ಲ. ಆ ಕಡೆ ಪಾಕಿಸ್ತಾನ ಎಲ್ಲವನ್ನೂ ಮಾರಿಕೊಂಡಿತು. ಅಲ್ಲಿ ಮನೆ, ಅಂಗಡಿ, ಜಮೀನು ಕಳೆದುಕೊಂಡ ಭಾರತೀಯರಿಗೆ ನ್ಯಾಯ ಸಿಕ್ಕಿತಾ? ಹಾಗಿದ್ದಾಗ ನಾವು ಮಾತ್ರ ಯಾಕೆ ಧರ್ಮರಾಯನ ಥರ ಇರಬೇಕು? ಮೊತ್ತವೂ ಸಣ್ಣದಲ್ಲ. ತಿದ್ದುಪಡಿಯ ಹೊತ್ತಿಗೆ ಸರ್ಕಾರದ ಲೆಕ್ಕದಲ್ಲಿ ಪಾಕಿಸ್ತಾನಿ ಪ್ರಜೆಗಳದ್ದು 9,280 ಆಸ್ತಿಗಳು, ಚೀನೀಯರದ್ದು 126. ಅಂದಾಜು ಮೌಲ್ಯ 1 ಲಕ್ಷ ಕೋಟಿ ರೂಪಾಯಿ. 2018ರಲ್ಲಿ ಕೇಂದ್ರ ಸಂಪುಟ ಮಾರಾಟಕ್ಕೆ ಒಪ್ಪಿದ ಶತ್ರು ಷೇರುಗಳೇ 996 ಕಂಪನಿಗಳಲ್ಲಿ ಸುಮಾರು 6.5 ಕೋಟಿ ಇದ್ದವು. ಇಷ್ಟನ್ನು ವಾಪಸ್ ಕೊಡು ಅಂತ ಯಾವ ಸರ್ಕಾರಕ್ಕೆ ಹೇಳೋದು?

ಪಾಕಿಸ್ತಾನದ ಪ್ರಜೆಗಳಾಗಿಯೇ ಇರುವವರಿಗೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಅದು ಎರಡು ದೇಶಗಳ ನಡುವಿನ ಲೆಕ್ಕ, ಅವರು ಮೇಜಿನ ಮುಂದೆ ಕೂತು ತೀರಿಸಿಕೊಳ್ಳಲಿ. ನನ್ನ ಪ್ರಶ್ನೆ ಇಲ್ಲೇ ಹುಟ್ಟಿ, ಇಲ್ಲೇ ಓಟು ಹಾಕಿ, ಇಲ್ಲೇ ತೆರಿಗೆ ಕಟ್ಟಿದ ಮಗನದು, ಮೊಮ್ಮಗಳದು. ಪಾಕಿಸ್ತಾನ ಮಾಡಿದ ಅನ್ಯಾಯಕ್ಕೆ ಭಾರತದ ಪ್ರಜೆಯಿಂದ ವಸೂಲಿ ಮಾಡೋದು ಯಾವ ಸೀಮೆಯ ಸೇಡು? ಈ ತಿದ್ದುಪಡಿ ಸಾಲವನ್ನು ವಾರಸಾಗಿ ಕೊಡುತ್ತಿಲ್ಲ, ಶತ್ರುತ್ವವನ್ನೇ ಕೊಡುತ್ತಿದೆ. ಏನು ಮಾಡಿದೆ ಅಂತ ಕೇಳದೆ, ಯಾರ ಮಗ ಅಂತ ಕೇಳುತ್ತಿದೆ.

ಇಂಥದ್ದೇ ಪ್ರಶ್ನೆ ಬ್ರಿಟನ್ನಿಗೂ ಎದುರಾಗಿತ್ತು. ಎರಡನೇ ಮಹಾಯುದ್ಧಕ್ಕೆ ಮುಂಚೆ, ನಾತ್ಸಿಗಳಿಗೆ ಹೆದರಿ ಯುರೋಪಿನ ಹಲವು ಯಹೂದಿಗಳು ತಮ್ಮ ಹಣವನ್ನು ಬ್ರಿಟಿಷ್ ಬ್ಯಾಂಕುಗಳಲ್ಲಿ ಇಟ್ಟಿದ್ದರು. ಯುದ್ಧ ಶುರುವಾದ ಮೇಲೆ ಶತ್ರು ದೇಶಗಳ ನಿವಾಸಿಗಳು ಎಂಬ ಕಾರಣಕ್ಕೆ ಅವರ ಖಾತೆಗಳೂ ಮುಟ್ಟುಗೋಲಾದವು. ಹಿಟ್ಲರ್ ಕೈಯಲ್ಲಿ ಸತ್ತವರು ಲಂಡನ್ನಿನ ಕಡತದಲ್ಲಿ ಹಿಟ್ಲರ್ ಕಡೆಯವರು! ಯುದ್ಧ ಮುಗಿದ ಮೇಲೂ ಉಳಿದವರಲ್ಲಿ ಎಷ್ಟೋ ಜನರಿಗೆ ಹಣ ವಾಪಸ್ ಸಿಗಲಿಲ್ಲ. 1998ರಲ್ಲಿ ಬ್ರಿಟಿಷ್ ಸರ್ಕಾರದ ಇತಿಹಾಸಕಾರರೇ ಇದರ ಬಗ್ಗೆ ವರದಿ ಬರೆದರು, 1999ರಲ್ಲಿ ಪರಿಹಾರ ಯೋಜನೆ ಬಂತು. ಅರ್ಧ ಶತಮಾನ ತಡವಾಗಿ. ಆದರೂ ದಿಕ್ಕು ನೋಡಿ: ಅವರು ಶತ್ರು ಪಟ್ಟಿಯಿಂದ ಜನರನ್ನು ಹೊರಗೆ ತೆಗೆಯುತ್ತಿದ್ದರು. ನಾವು ಅದೇ ಐವತ್ತು ವರ್ಷದ ಅಂತರದಲ್ಲಿ ನಮ್ಮದೇ ಪ್ರಜೆಗಳನ್ನು ಒಳಗೆ ಸೇರಿಸಿದೆವು.

ಕಥೆಯಲ್ಲಿ ಒಂದು ತಮಾಷೆಯ ತಿರುವೂ ಇದೆ. ಲಕ್ನೋದ ಒಂದು ಶತ್ರು ಆಸ್ತಿಗೆ ಅಲ್ಲಿನ ಮಹಾನಗರಪಾಲಿಕೆ ಆಸ್ತಿ ತೆರಿಗೆ ಕೇಳಿತು. ಇದು ಕಸ್ಟೋಡಿಯನ್ ವಶದಲ್ಲಿದೆ, ಆದ್ದರಿಂದ ಕೇಂದ್ರ ಸರ್ಕಾರದ ಆಸ್ತಿ, ಕೇಂದ್ರದ ಆಸ್ತಿಗೆ ತೆರಿಗೆ ಇಲ್ಲ ಎಂಬ ವಾದ ಬಂತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಪೀಠ ಅದನ್ನು ಒಪ್ಪಲಿಲ್ಲ. ಪೀಠದಲ್ಲಿ ಇದ್ದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್. ಕಸ್ಟೋಡಿಯನ್ ಒಬ್ಬ ಟ್ರಸ್ಟಿ ಇದ್ದ ಹಾಗೆ, ಮಾಲೀಕತ್ವ ಕೇಂದ್ರಕ್ಕೆ ಹೋಗಿಲ್ಲ, ತೆರಿಗೆ ಕಟ್ಟಲೇಬೇಕು ಎಂದಿತು ಪೀಠ.

ಅಂದ್ರೆ ಮಾರುವಾಗ ಯಜಮಾನ, ತೆರಿಗೆ ಕಟ್ಟುವಾಗ ಕಾವಲುಗಾರ! ಈ ತೀರ್ಪು 2017ರ ತಿದ್ದುಪಡಿಯನ್ನು ರದ್ದು ಮಾಡಲಿಲ್ಲ. ಆದರೆ ತಿದ್ದುಪಡಿಯ ಒಳಗಿರುವ ಬಿರುಕನ್ನು ತೋರಿಸಿಕೊಟ್ಟಿತು. ಮಾಲೀಕ ಅಲ್ಲದವನು ಮಾರಿ, ಹಣವನ್ನು ಖಜಾನೆಗೆ ಕಟ್ಟುವುದು ಹೇಗೆ? ಟ್ರಸ್ಟಿ ಅಂದ ಮೇಲೆ ಯಾರ ಪರವಾಗಿ ಟ್ರಸ್ಟಿ? ಕಾಯ್ದೆಯಲ್ಲಿ ಇದಕ್ಕೆ ಉತ್ತರ ಇಲ್ಲ. ವಾರಸುದಾರರನ್ನು ಅಳಿಸಿದ ಮೇಲೆ ಆ ಜಾಗ ಖಾಲಿಯೇ ಉಳಿದಿದೆ.

ನಮ್ಮ ಪೈಕಿ ಬಹಳ ಜನರಿಗೆ ಇದು ದೂರದ ಸುದ್ದಿ. ನವಾಬರ ಅರಮನೆ, ರಾಜರ ಎಸ್ಟೇಟು, ನಮಗೇನು ಅನ್ನಿಸಬಹುದು. ಆದರೆ ಎಸ್ಟೇಟು ಇದ್ದವರು ಬೆರಳೆಣಿಕೆ. ಉಳಿದ ಪಟ್ಟಿಯಲ್ಲಿ ಇರುವುದು ಸಣ್ಣ ಮನೆ, ಅಂಗಡಿ, ತುಂಡು ಜಮೀನು, ವನಸ್ಪತಿ ಕಂಪನಿಯ ನಾಲ್ಕು ಷೇರು. ನಮ್ಮಲ್ಲಿ ಯಾರ ಮನೆಯಲ್ಲಿ ಈಗ ಬೇರೆ ದೇಶದ ಪ್ರಜೆಯಾದ ಅಣ್ಣನೋ ಅಕ್ಕನೋ ಇಲ್ಲ ಹೇಳಿ? ಆ ದೇಶಗಳೇನೂ ಶತ್ರು ಅಲ್ಲ, ಗಾಬರಿ ಬೇಡ. ನಾನು ಹೇಳುತ್ತಿರುವುದು ತತ್ವದ ಬಗ್ಗೆ. ಮನೆಯ ಒಬ್ಬರ ಪಾಸ್‌ಪೋರ್ಟ್ ನೋಡಿ ಇನ್ನೊಬ್ಬರ ಪ್ರಜಾತ್ವವನ್ನು ಅಳೆಯಬಹುದು ಅಂತ ಒಮ್ಮೆ ಒಪ್ಪಿಕೊಂಡರೆ, ಆ ಅಳತೆಗೋಲು ಯಾವಾಗಲೂ ಒಂದೇ ಬೀರುವಿನಲ್ಲಿ ಇರುತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ.

ಸರಿಪಡಿಸೋದು ಕಷ್ಟವೇನಲ್ಲ. ಬಾಲಕ್ಕೆ ಕಟ್ಟಿದ ಆ ವಿನಾಯಿತಿಯನ್ನು ಕತ್ತರಿಸಿ, 1968ರ ಸಾಲನ್ನು ಇದ್ದ ಹಾಗೇ ಬಿಟ್ಟರೆ ಸಾಕು. ಆಸ್ತಿ ಈಗಾಗಲೇ ಮಾರಾಟವಾಗಿದ್ದರೆ, ಭಾರತೀಯ ವಾರಸುದಾರರಿಗೆ ಅದರ ಹಣ ಕೊಡಲಿ. ಮಹಮೂದಾಬಾದಿನ ಮಗ 2023ರಲ್ಲಿ ತೀರಿಕೊಂಡರು. ಸುಪ್ರೀಂ ಕೋರ್ಟು ಅವರನ್ನು ಭಾರತದ ಪ್ರಜೆ, ಶತ್ರು ಅಲ್ಲ ಅಂದಿತ್ತು. ಅವರು ಸಾಯುವಾಗ ಜಾರಿಯಲ್ಲಿದ್ದ ಕಾಯ್ದೆಯ ವ್ಯಾಖ್ಯಾನದ ಪ್ರಕಾರ, ಅವರು ಎರಡೂ ಆಗಿದ್ದರು.